ತಡೆಗೋಡೆಯಲ್ಲಿ ತೂತು ಯಾಕೆ? – ಒಂದು ಅಭ್ಯಾಸ ಪಾಠದ ಅನುಭವ

ಹರಿಹರದ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಅಭ್ಯಾಸ ಪಾಠ ಮಾಡುತ್ತಿದ್ದೆ. ದಾವಣಗೆರೆ, ಹರಿಹರದ ಬಳಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಂಥ ರಸ್ತೆಯನ್ನು ಅಗಲ ಮಾಡುವಾಗ, ಏರಿಯ ಮಣ್ಣು ಜರಿಯದಂತೆ ಕಟ್ಟುವ ತಡೆಗೋಡೆಯನ್ನು ಉದಾಹರಣೆ ಕೊಟ್ಟೆ.

“ಮಿಸ್, ಅಷ್ಟು ಗಟ್ಟಿ ಗೋಡೆ ಕಟ್ಟಿ ಮತ್ತೆ ತೂತು ಯಾಕೆ ಬಿಡ್ತಾರೆ?” ಎಂದ ಗಾರೆ ಕೆಲಸದವರ ಮಗನೊಬ್ಬ.

“ರಸ್ತೆ ಮೇಲಿನ ನೀರು ಹೋಗೋಕೆ” ಎಂದುಬಿಟ್ಟೆ.

“ಅದಕ್ಕೆ ಚರಂಡಿ ಐತಲ್ಲ ಮಿಸ್!” ತರಗತಿ ನಕ್ಕಿತು. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ಬರೆದುಕೊಳ್ಳುತ್ತಿದ್ದರು.

ಮರುದಿನ “ನಿನ್ನೆ ಹೇಳಿದ್ದು ತಪ್ಪು” ಎಂದೇ ಪಾಠ ಶುರುಮಾಡಿದೆ. ಎರಡು ಡಬ್ಬಿಗಳ ಒಂದು ಬದಿ ಕತ್ತರಿಸಿ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೆ. ಒಂದರ ಬುಡದಲ್ಲಿ ತೂತು, ಅದರ ಹಿಂದೆ ಸಣ್ಣ ಜಲ್ಲಿ. ಎರಡಕ್ಕೂ ಮರಳು ತುಂಬಿ ಮಕ್ಕಳಿಂದಲೇ ನೀರು ಹಾಕಿಸಿದೆ. ತೂತಿಲ್ಲದ ಹಾಳೆ ಬುಡದಲ್ಲಿ ಉಬ್ಬಿತು. ಇನ್ನೊಂದರಲ್ಲಿ ನೀರು ಸೋರಿಹೋಯಿತು, ಹಾಳೆ ನೆಟ್ಟಗೆ ನಿಂತಿತು.

ಬಳಿಕ ಲೆಕ್ಕ: 3 ಮೀಟರ್ ಆಳದಲ್ಲಿ ನಿಂತ ನೀರಿನ ಒತ್ತಡ 1000 × 9.8 × 3 = 29,400 ಪ್ಯಾಸ್ಕಲ್; ಅಂದರೆ ಚದರ ಮೀಟರಿಗೆ ಸುಮಾರು 3 ಟನ್ ಭಾರದಷ್ಟು. ನೀರಿಗೆ ದಾರಿ ಬಿಡದಿದ್ದರೆ ಮಣ್ಣಿನ ಒತ್ತಡದ ಜೊತೆಗೆ ಇದನ್ನೂ ಗೋಡೆ ಹೊರಬೇಕು. ನಮ್ಮ ಎರೆಮಣ್ಣು ನೀರು ಹಿಡಿದು ಉಬ್ಬುವಂಥದ್ದು. ಗೋಡೆಯ ಬೆನ್ನಿಗೆ ಜಲ್ಲಿ ತುಂಬುವುದು ಅದಕ್ಕೇ.

ಈಗ ನನ್ನ ಪಾಠಯೋಜನೆಯಲ್ಲಿ ‘ಮಕ್ಕಳು ಕೇಳಬಹುದಾದ ಪ್ರಶ್ನೆ’ ಎಂಬ ಕಾಲಂ ಇದೆ. ಅದರ ಮೊದಲ ಸಾಲು ಆ ಹುಡುಗನದು.