‘ನಮ್ಮ ಸಿನಿಮಾ’ ಎಂದರೆ ಯಾರ ಸಿನಿಮಾ?

ಜನಪ್ರಿಯ ಸಂಸ್ಕೃತಿಯನ್ನು ಕಿರುಸಂಶೋಧನೆಗೆ ಆರಿಸಿಕೊಳ್ಳುವ ವಿದ್ಯಾರ್ಥಿಗಳ ಪ್ರಶ್ನಾವಳಿಯಲ್ಲಿ ಎರಡು ಪ್ರಶ್ನೆಗಳು ಸಾಮಾನ್ಯ: ‘ನಿಮ್ಮ ಮಾತೃಭಾಷೆ ಯಾವುದು?’, ‘ನೀವು ಮೆಚ್ಚಿದ ಸಿನಿಮಾ ಯಾವುದು?’. ಅಕ್ಕಲಕೋಟೆ, ಜತ್ತ ತಾಲೂಕುಗಳ ಹಳ್ಳಿಯಲ್ಲಿ ಒಬ್ಬರೇ ಮೊದಲನೆಯದಕ್ಕೆ ‘ಕನ್ನಡ’ ಎಂದೂ ಎರಡನೆಯದಕ್ಕೆ ‘ಸೈರಾಟ್’ ಎಂದೂ ಉತ್ತರಿಸಬಹುದು. ಮನೆಯ ಕನ್ನಡವು ತೆರೆಯ ಮರಾಠಿಗೆ ಸೋತಿತೆಂದು ಇದರಿಂದ ತೀರ್ಮಾನಿಸುವುದು ಸುಲಭ. ಆ ಸುಲಭದ ತೀರ್ಮಾನವನ್ನು ಪರೀಕ್ಷಿಸುವುದೇ ಸಂಶೋಧಕನ ಮೊದಲ ಕೆಲಸ.

ನಾಗರಾಜ ಮಂಜುಳೆಯವರ ‘ಸೈರಾಟ್’ 2016ರಲ್ಲಿ ತೆರೆಕಂಡಿತು. ನಿರ್ದೇಶಕರು ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನವರು. ನಾಯಕಿ ರಿಂಕು ರಾಜಗುರು ಅದೇ ಜಿಲ್ಲೆಯ ಅಕಲೂಜಿನವರು. ಪಾತ್ರಗಳ ಮಾತು ಪುಣೆಯ ಶಿಷ್ಟ ಮರಾಠಿಯಲ್ಲ, ಈ ಸೀಮೆಯ ಆಡುಮಾತು. 2017ರಲ್ಲಿ ಎಸ್. ನಾರಾಯಣ್ ಅವರು ಈ ಕಥೆಯನ್ನು ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೆ ತಂದರು, ನಾಯಕಿಯಾಗಿ ರಿಂಕು ಅವರೇ ನಟಿಸಿದರು. ಒಂದೇ ಕಥೆ, ಅದೇ ನಟಿ, ಎರಡು ಭಾಷೆ. ಎರಡನ್ನೂ ಬಲ್ಲ ಪ್ರೇಕ್ಷಕರ ಅಧ್ಯಯನಕ್ಕೆ ಇಂಥ ಸಾಮಗ್ರಿ ವಿರಳ.

ಪ್ರೇಕ್ಷಕರು ‘ಇದು ನಮ್ಮ ಸಿನಿಮಾ’ ಎಂದಾಗ ಸಂಶೋಧಕನು ಅಲ್ಲಿಯೇ ನಿಲ್ಲಬಾರದು. ಸಿರಿವಂತ ಜಮೀನುದಾರನ ಮಗಳು ಹಾಗೂ ಕೆಳಜಾತಿಯೆನಿಸಿದ ಮೀನುಗಾರ ಕುಟುಂಬದ ಹುಡುಗ ಪರಸ್ಪರ ಪ್ರೀತಿಸಿ, ಊರು ಬಿಟ್ಟು ಹೋಗಿ, ಕಡೆಗೆ ಕೊಲೆಯಾಗುವ ಕಥೆಯಿದು. ಇಲ್ಲಿ ‘ನಮ್ಮ’ ಎಂಬುದು ಭಾಷೆಯೋ, ಕಬ್ಬಿನ ಗದ್ದೆಯ ಸೀಮೆಯೋ, ಜಾತಿಯ ಅನುಭವವೋ, ಹರೆಯವೋ? ಉತ್ತರ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಬಲ್ಲದು.

ಈ ತೊಡಕನ್ನು ಬಿಡಿಸಲು ಗಡಿನಾಡಿನ ವಿದ್ಯಾರ್ಥಿಯ ಬಳಿ ಒಂದು ವಿಶೇಷ ಸಾಧನವಿದೆ. ಕೇಳುವವನನ್ನು ಒಳಗೊಂಡಾಗಲೂ ಹೊರಗಿಟ್ಟಾಗಲೂ ಇಂದಿನ ಕನ್ನಡಕ್ಕೆ ‘ನಮ್ಮ’ ಒಂದೇ ಪದ. ಮರಾಠಿಯಲ್ಲಿ ಹಾಗಲ್ಲ: ‘ಆಪಲಾ’ ಎಂದರೆ ನನ್ನದೂ ನಿನ್ನದೂ, ‘ಆಮಚಾ’ ಎಂದರೆ ನಮ್ಮದು, ನಿನ್ನದಲ್ಲ. ಅದೇ ಪ್ರಶ್ನೆಯನ್ನು ಅದೇ ವ್ಯಕ್ತಿಗೆ ಎರಡೂ ಭಾಷೆಗಳಲ್ಲಿ ಕೇಳಿದರೆ, ಕನ್ನಡದ ಉತ್ತರದಲ್ಲಿ ಅಡಗಿದ್ದ ಗೆರೆಯು ಮರಾಠಿಯ ಉತ್ತರದಲ್ಲಿ ಗೋಚರಿಸಬಹುದು. ‘ಆಪಲಾ’ ಗೌರವಾರ್ಥದಲ್ಲಿ ‘ತಮ್ಮ’ ಎಂದೂ ಬಳಕೆಯಾಗುವುದರಿಂದ ಸಂದರ್ಭವನ್ನೂ ಗಮನಿಸಬೇಕು. ಉತ್ತರಗಳನ್ನು ಗ್ರಾಂಥಿಕ ಭಾಷೆಗೆ ತಿದ್ದದೆ ಆಡಿದಂತೆಯೇ ಬರೆದುಕೊಳ್ಳಬೇಕು. ಯಾರೊಡನೆ, ಎಲ್ಲಿ ನೋಡಿದರು, ನೋಡಿದ ಮೇಲೆ ಮನೆಯಲ್ಲಿ ಯಾವ ಭಾಷೆಯಲ್ಲಿ ಚರ್ಚಿಸಿದರು ಎಂಬುದೂ ದಾಖಲಾಗಬೇಕು. ಮರಾಠಿ ಸಿನಿಮಾ ನೋಡಿ ಕನ್ನಡದಲ್ಲಿ ಜಗಳವಾಡುವ ಮನೆಯಲ್ಲಿ ಯಾವ ಭಾಷೆಯೂ ಸೋತಿಲ್ಲ.

ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ಈ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ‘ಇವರು ನೋಡುವುದು ಮರಾಠಿ ಸಿನಿಮಾ, ಇವರಿಗೆ ಕನ್ನಡ ಶಾಲೆಯೇಕೆ?’ ಎಂಬ ವಾದಕ್ಕೆ ಅವಸರದ ವರದಿಯೊಂದು ಆಧಾರವಾಗಬಾರದು. ‘ಇವರಿಗೆ ಮರಾಠಿ ಪರಕೀಯ’ ಎಂಬ ವಾದಕ್ಕೂ ಆಗಬಾರದು. ಆದ್ದರಿಂದ ಪ್ರಶ್ನಾವಳಿಯಲ್ಲಿ ‘ಭಾಷೆ’ ಎಂಬುದರ ಮುಂದೆ ಒಂದೇ ಖಾನೆಯನ್ನು ಬಿಡದೆ, ಒಂದಕ್ಕಿಂತ ಹೆಚ್ಚು ಉತ್ತರಗಳಿಗೆ ಸ್ಥಳವಿಡುವುದರಿಂದ ಕೆಲಸವನ್ನು ಆರಂಭಿಸಬೇಕು.