ನೆದರ್ಲೆಂಡ್ಸಿನ ಗಾಂಜಾ ಕಾನೂನು: ಮುಂಬಾಗಿಲು, ಹಿಂಬಾಗಿಲು

ನೆದರ್ಲೆಂಡ್ಸಿನಲ್ಲಿ ಗಾಂಜಾಕ್ಕೆ ಕಾನೂನಿನ ಅಡ್ಡಿಯೇ ಇಲ್ಲ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಓದಲು, ಕೆಲಸ ಮಾಡಲು ಅಲ್ಲಿಗೆ ಹೊರಟವರೂ ಹಾಗೆಂದೇ ನಂಬಿರುತ್ತಾರೆ. ಮೊದಲು ಇದನ್ನು ತಿದ್ದಿಕೊಳ್ಳೋಣ. ಅಲ್ಲಿನ ಅಫೀಮು ಕಾಯ್ದೆಯ ಪ್ರಕಾರ ಗಾಂಜಾ ಬೆಳೆಯುವುದು, ಮಾರುವುದು, ಇಟ್ಟುಕೊಳ್ಳುವುದು ಇಂದಿಗೂ ನಿಷಿದ್ಧ.

ಹಾಗಾದರೆ ಆಮ್‌ಸ್ಟರ್‌ಡ್ಯಾಮಿನ ಕಾಫಿಶಾಪುಗಳಲ್ಲಿ ಅದನ್ನು ರಾಜಾರೋಷವಾಗಿ ಮಾರುವುದು ಹೇಗೆ? 1976ರ ತಿದ್ದುಪಡಿಯನ್ನು ನೋಡಿ. ಹೆರಾಯಿನ್, ಕೊಕೇನಿನಂಥವು ಒಂದು ಪಟ್ಟಿಗೆ ಸೇರಿದವು. ಗಾಂಜಾ, ಹಶೀಶ್ ಇನ್ನೊಂದಕ್ಕೆ. ಗಾಂಜಾ ಹುಡುಕಿ ಹೋದ ಹುಡುಗ ಹೆರಾಯಿನ್ ಮಾರುವವನ ಕೈಗೆ ಸಿಗಬಾರದು ಎಂಬ ಕಾಳಜಿ ಅದರ ಹಿಂದಿತ್ತು. ನನಗದು ಇಂದಿಗೂ ವಿವೇಕದ ಯೋಚನೆಯಾಗಿಯೇ ಕಾಣುತ್ತದೆ. ಸಾರ್ವಜನಿಕ ಹಿತಕ್ಕೆ ಅಗತ್ಯವಿಲ್ಲವೆನಿಸಿದರೆ ಮೊಕದ್ದಮೆ ಹೂಡದಿರುವ ಅಧಿಕಾರ ಡಚ್ ಪ್ರಾಸಿಕ್ಯೂಟರುಗಳಿಗಿದೆ. ಕಾಫಿಶಾಪುಗಳು ನಿಂತಿರುವುದು ಈ ಅಧಿಕಾರದ ಮೇಲೆ. 18 ತುಂಬಿದವರಿಗೆ ಮಾತ್ರ ಮಾರಬೇಕು, ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು, ಅಂಗಡಿಯ ದಾಸ್ತಾನು 500 ಗ್ರಾಂ ದಾಟಬಾರದು, ಮದ್ಯ, ಜಾಹೀರಾತು ಕೂಡದು, ನೆರೆಹೊರೆಯವರಿಗೆ ತೊಂದರೆಯಾಗಬಾರದು. ಇಷ್ಟನ್ನು ಪಾಲಿಸಿದ ಅಂಗಡಿಯ ತಂಟೆಗೆ ಯಾರೂ ಹೋಗುವುದಿಲ್ಲ.

ಆದರೆ ಅಂಗಡಿಗೆ ಸರಕು ಬರುವುದು ಎಲ್ಲಿಂದ? ಗಿರಾಕಿಗೆ ಮಾರುವುದನ್ನು ಸಹಿಸುವ ವ್ಯವಸ್ಥೆ, ಅದೇ ಗಾಂಜಾವನ್ನು ಬೆಳೆದು ಅಂಗಡಿಗೆ ತಲುಪಿಸುವುದನ್ನು ಅಪರಾಧವಾಗಿಯೇ ಉಳಿಸಿತು. ಡಚ್ಚರು ಇದನ್ನು ಹಿಂಬಾಗಿಲ ಸಮಸ್ಯೆ ಎನ್ನುತ್ತಾರೆ. ತೆರಿಗೆ ಕಟ್ಟುವ ಅಂಗಡಿಯೂ ಸರಕಿಗಾಗಿ ಕಳ್ಳಪೇಟೆಯನ್ನೇ ನೆಚ್ಚಬೇಕಾಯಿತು. ಲಾಭದ ದೊಡ್ಡ ಪಾಲು ಅಪರಾಧಿ ಗುಂಪುಗಳಿಗೆ ಹೋಯಿತು. ಇಡೀ ನೀತಿಯ ದುರ್ಬಲ ಕೊಂಡಿ ಇದು, ದಶಕಗಳ ಕಾಲ ಹಾಗೇ ಬಿಟ್ಟದ್ದು ತಪ್ಪು. ಕೊನೆಗೆ 2023ರ ಡಿಸೆಂಬರಿನಲ್ಲಿ ಬ್ರೇಡಾ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ, ಸರ್ಕಾರ ಆಯ್ದ ಬೆಳೆಗಾರರ ಗಾಂಜಾವನ್ನು ಅಂಗಡಿಗಳಿಗೆ ಕೊಡುವ ಪ್ರಯೋಗ ಶುರುವಾಯಿತು. ಆಮೇಲೆ ಅದು ಇತರ ನಗರಗಳಿಗೂ ಹಬ್ಬಿತು.

ಹೊಸದಾಗಿ ಹೋಗುವವರು ಇನ್ನೊಂದು ಗಮನಿಸಬೇಕು: ಊರಿನಿಂದ ಊರಿಗೆ ನಿಯಮ ಬದಲಾಗುತ್ತದೆ. ಬೆಲ್ಜಿಯಂ ಗಡಿಯ ಮಾಸ್ಟ್ರಿಕ್ಟಿನಲ್ಲಿ ಕಾಫಿಶಾಪಿಗೆ ದೇಶದ ನಿವಾಸಿಗಳಿಗಷ್ಟೇ ಪ್ರವೇಶ. ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರವಾಸಿಗರನ್ನು ಒಳಗೆ ಬಿಡುತ್ತಾರೆ, ಆದರೆ ಹಳೆಯ ಪೇಟೆಯ ಬೀದಿಗಳಲ್ಲಿ ಸೇದುವುದನ್ನು 2023ರ ಮೇ ತಿಂಗಳಲ್ಲಿ ನಿಷೇಧಿಸಿದ್ದಾರೆ. ಸೇದಿ ವಾಹನ ಓಡಿಸುವುದು ಎಲ್ಲೆಡೆಯೂ ಅಪರಾಧ. ಉಳಿದದ್ದನ್ನು ಚೀಲದಲ್ಲಿಟ್ಟು ಬೆಂಗಳೂರಿಗೆ ತಂದರಂತೂ 1985ರ ನಮ್ಮ ಮಾದಕ ವಸ್ತು ಕಾಯ್ದೆಯಡಿ ಜೈಲು ಸೇರಬೇಕಾದೀತು. ಡಚ್ ಪ್ರಾಸಿಕ್ಯೂಟರರ ಸಹನೆ ಆ ದೇಶದ ಗಡಿಯಾಚೆ ನಡೆಯುವುದಿಲ್ಲ.