ಉಬ್ಬಸದ ಔಷಧ, ಅಡ್ಡಪರಿಣಾಮದ ಲೆಕ್ಕ: ಒಂದು ಪಾಠದ ಟಿಪ್ಪಣಿ

ಹತ್ತನೇ ತರಗತಿಯ ಉಸಿರಾಟದ ಪಾಠವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಶ್ವಾಸಕೋಶದ ಚಿತ್ರ ಬರೆದು, ಭಾಗಗಳನ್ನು ಹೆಸರಿಸಿ ಮುಗಿಸುತ್ತಾರೆ. ಕಟ್ಟಾಯದಂಥ ಊರಿನಲ್ಲಿ ಅಷ್ಟು ಸಾಲದು. ರಸ್ತೆಬದಿಯ ಕಾಂಗ್ರೆಸ್ ಗಿಡದ ಪರಾಗ, ಒಕ್ಕಣೆಯ ದೂಳು, ಒಲೆಯ ಹೊಗೆ ಮಕ್ಕಳಿಗೆ ಹೊಸದಲ್ಲ; ಉಬ್ಬಸವಿರುವ ಮಗು ಯಾವ ತರಗತಿಯಲ್ಲೂ ಇರಬಹುದು. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಮಕ್ಕಳಲ್ಲಿ ನಡೆಸಿದ ಅಧ್ಯಯನದಲ್ಲಿ ಅಸ್ತಮಾದ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರಲ್ಲಿ ಶೇ. 29.5ಕ್ಕೆ ಏರಿತ್ತು. ಅದು ನಗರದ ಲೆಕ್ಕ, ಹಳ್ಳಿಗೆ ಹಾಗೆಯೇ ಅನ್ವಯಿಸಬೇಡಿ.

ಪೀಠಿಕೆಗೆ ಎರಡು ಸ್ಟ್ರಾ ಸಾಕು: ಎಳನೀರಿನ ದಪ್ಪದ್ದು, ಜ್ಯೂಸ್ ಪ್ಯಾಕೆಟ್ಟಿನ ಸಣ್ಣದ್ದು. ಶಿಕ್ಷಕರೇ ಉಸಿರೆಳೆದು ತೋರಿಸಲಿ, ಮಕ್ಕಳಿಂದ ಮಾಡಿಸುವುದು ಬೇಡ. ಅಲರ್ಜಿಯಲ್ಲಿ ಶ್ವಾಸನಾಳದ ಒಳಪದರ ಊದುತ್ತದೆ, ಲೋಳೆ ಹೆಚ್ಚುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ. ಸಾಲ್ಬುಟಮಾಲ್ ಸ್ನಾಯುವನ್ನು ಸಡಿಲಿಸುತ್ತದೆ. ಊತ ಇಳಿಸುವುದು ಸ್ಟೀರಾಯ್ಡ್. ಈ ವ್ಯತ್ಯಾಸವೇ ಪಾಠದ ಬೆನ್ನೆಲುಬು.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸಾರ್, ಪಂಪ್ ತಗೊಂಡ್ರೆ ಅದೇ ಅಭ್ಯಾಸ ಆಗ್ಬಿಡುತ್ತಂತೆ?" ಮನೆಯವರ ಈ ಭಯದಿಂದಲೇ ಎಷ್ಟೋ ಮಕ್ಕಳ ಇನ್ಹೇಲರ್ ನಿಂತುಹೋಗುತ್ತದೆ. "ಏನೂ ಆಗಲ್ಲ" ಎಂದು ಹಾರಿಸಿ ಉತ್ತರಿಸಬೇಡಿ. ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿಸಿ. ಬ್ಯೂಡೆಸೊನೈಡ್ ಇನ್ಹೇಲರ್, ಒಂದು ಸಲಕ್ಕೆ 200 ಮೈಕ್ರೋಗ್ರಾಂ, ದಿನಕ್ಕೆ ಎರಡು ಸಲ: 400. ಪ್ರೆಡ್ನಿಸೊಲೋನ್ ಮಾತ್ರೆ 20 ಮಿಲಿಗ್ರಾಂ: 20,000 ಮೈಕ್ರೋಗ್ರಾಂ. ಎರಡರ ಶಕ್ತಿ ಒಂದೇ ಅಲ್ಲವಾದ್ದರಿಂದ "50 ಪಟ್ಟು ಕೆಟ್ಟದ್ದು" ಎಂದು ಬರೆಯುವುದು ತಪ್ಪು. ಆದರೆ ಮಾತ್ರೆ ರಕ್ತದ ಮೂಲಕ ಮೈಯೆಲ್ಲ ಸುತ್ತುತ್ತದೆ, ಇನ್ಹೇಲರ್ ಔಷಧ ಬಹುಪಾಲು ಗಂಟಲು, ಶ್ವಾಸನಾಳಗಳಲ್ಲೇ ಕೆಲಸ ಮಾಡುತ್ತದೆ. ಬಾಯಲ್ಲಿ ಅಗ್ರ, ದನಿ ಒಡೆಯುವುದು ಅದರ ಅಡ್ಡಪರಿಣಾಮ. ಸ್ಪೇಸರ್ ಬಳಸಿ, ಆಮೇಲೆ ಬಾಯಿ ಮುಕ್ಕಳಿಸಿದರೆ ಇದು ಕಡಿಮೆಯಾಗುತ್ತದೆ.

ಸಂಶೋಧನೆ ಹೇಗೆ ನಡೆಯುತ್ತದೆ ಎಂಬುದಕ್ಕೂ ಇಲ್ಲೇ ಉದಾಹರಣೆಯಿದೆ. ಅಮೆರಿಕ ಮತ್ತು ಕೆನಡಾಗಳಲ್ಲಿ 5ರಿಂದ 13 ವರ್ಷದ 1,041 ಮಕ್ಕಳನ್ನು ಗುಂಪು ಮಾಡಿ, ಒಂದು ಗುಂಪಿಗೆ ಇದೇ 400 ಮೈಕ್ರೋಗ್ರಾಂ ಬ್ಯೂಡೆಸೊನೈಡ್, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮದ್ದು ಕೊಟ್ಟು ನಾಲ್ಕರಿಂದ ಆರು ವರ್ಷ ಗಮನಿಸಿದರು. ಅವರು ದೊಡ್ಡವರಾದ ಮೇಲೂ ಅಳತೆ ತೆಗೆದರು. 2012ರಲ್ಲಿ ಬಂದ ಫಲಿತಾಂಶ: ಔಷಧ ಪಡೆದವರ ಸರಾಸರಿ ಎತ್ತರ 1.2 ಸೆಂಟಿಮೀಟರ್ ಕಡಿಮೆ. ಅಳತೆಪಟ್ಟಿಯಲ್ಲಿ ಅಷ್ಟನ್ನು ತೋರಿಸಿ, ಎದುರಿಗೆ ಸಣ್ಣ ಸ್ಟ್ರಾ ಹಿಡಿದು, ಮಕ್ಕಳನ್ನೇ ಚರ್ಚೆಗೆ ಬಿಡಿ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಹತ್ತು ನಿಮಿಷ ಹೆಚ್ಚು ಕೊಡಬೇಕಾದದ್ದು ಇದಕ್ಕೇ.

ತರಗತಿಯಲ್ಲಿರುವ ಉಬ್ಬಸದ ಮಗುವನ್ನು ಉದಾಹರಣೆಯಾಗಿ ನಿಲ್ಲಿಸಬೇಡಿ. ಔಷಧದ ಸಲಹೆ ಶಿಕ್ಷಕರ ಕೆಲಸವಲ್ಲ, ಅದು ವೈದ್ಯರದ್ದು. ಅಲರ್ಜಿಗೆ ಕೊಡುವ ಸಿಪಿಎಂ ಮಾತ್ರೆ ತೂಕಡಿಕೆ ತರುತ್ತದೆ ಎಂಬುದು ಮಾತ್ರ ಗೊತ್ತಿರಲಿ. ಬೆಳಗಿನ ಮೊದಲ ಅವಧಿಯಲ್ಲಿ ತೂಕಡಿಸುವ ಹುಡುಗನನ್ನು ಬೈಯುವ ಮೊದಲು ಕೇಳಬಹುದು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ: ಸಾಲ್ಬುಟಮಾಲ್‌ನಿಂದ ಉಸಿರು ಸರಾಗವಾದ ಮೇಲೂ ವೈದ್ಯರು ಇನ್ನೊಂದು ಇನ್ಹೇಲರನ್ನು ದಿನವೂ ತೆಗೆದುಕೊಳ್ಳಲು ಏಕೆ ಹೇಳುತ್ತಾರೆ?